ಹುಣಸೆ ಬೀಜದ ಆಂದೋಲಕಗಳು ಮತ್ತು ಅವುಗಳ ಕಿಡಿಗಳು

(ಶತಮಾನೋತ್ಸವದ ಅಂಗವಾಗಿ ಶಾಲೆಯ ಹಳೆಯ ವಿದ್ಯಾರ್ಥಿಗಳು ನೀಡಿದ ಉಪನ್ಯಾಸದ ಬರಹರೂಪ)



ಈ ಉತ್ಸವದಲ್ಲಿ ಹಾಡು, ನಾಟಕ, ಸನ್ಮಾನಗಳ ನಡುವೆ ಒಂದು ಗಣಿತದ ಉಪನ್ಯಾಸವೂ ಇರಲಿ ಎಂದು ಸಮಿತಿಯವರು ಅಪೇಕ್ಷಿಸಿದಾಗ, ಅದನ್ನು ಒಬ್ಬರ ಹೆಸರಿನಲ್ಲಿ ಕೊಡುವುದು ನಮಗೆ ಸರಿಯೆನಿಸಲಿಲ್ಲ. ನಾವು ಮೂವರು ಈ ಶಾಲೆಯ ಒಂದೇ ತರಗತಿಯಲ್ಲಿ ಓದಿದವರು. ಒಬ್ಬರು ಇದೇ ನಾರಾಯಣಪೇಟೆಯ ಮಗ್ಗದ ಮನೆಯವರು. ಒಬ್ಬರು ಮಕ್ತಲದ ಕಡೆಯ ಒಕ್ಕಲುತನದ ಮನೆಯಿಂದ ಬಂದವರು. ಇನ್ನೊಬ್ಬರು ಗದ್ವಾಲದವರು, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿತವರು. ಓದುತ್ತಿರುವ ಧ್ವನಿ ಒಂದಾದರೂ ಮಾತು ಮೂವರದು.

ನಾವು ಹೇಳಲಿರುವ ವಿಷಯ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮಳೆಗಾಲದ ಒಂದು ಶನಿವಾರ ನಮ್ಮ ಗಣಿತದ ಮಾಸ್ತರರು ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಅಡ್ಡ ಹನ್ನೆರಡು, ಉದ್ದ ಹನ್ನೆರಡು ಚೌಕಗಳನ್ನು ಬರೆದರು. ಒಂದು ಚೀಲದ ತುಂಬ ಹುಣಸೆ ಬೀಜ ತರಿಸಿದರು. ಎಲ್ಲಿಯೋ ಒಂದು ಪತ್ರಿಕೆಯಲ್ಲಿ ಓದಿದ್ದನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರು. ಅಂದು ಅವರು ತೋರಿಸಿದ್ದನ್ನು ಇಂದು ನಿಮ್ಮ ಮುಂದೆ ಸ್ವಲ್ಪ ವಿಸ್ತರಿಸಿ ಇಡುತ್ತಿದ್ದೇವೆ.

ಅದರ ನಿಯಮ ಹೀಗಿದೆ. ಚೌಕಾಬಾರದಲ್ಲಿ ನಾವು ಹೇಳುವಂತೆ ಇಲ್ಲಿಯೂ ಪ್ರತಿಯೊಂದು ಚೌಕ ಒಂದು ಮನೆ. ಬೀಜವಿರುವ ಮನೆ ಜೀವಂತ. ಇಲ್ಲದ ಮನೆ ಬರಿದು. ಪ್ರತಿಯೊಂದು ಮನೆಗೂ ಎಂಟು ನೆರೆಮನೆಗಳು: ಬದಿಗೆ ನಾಲ್ಕು, ಮೂಲೆಗೆ ನಾಲ್ಕು. ಜೀವಂತ ಮನೆಗೆ ಎರಡು ಅಥವಾ ಮೂರು ಜೀವಂತ ನೆರೆಗಳಿದ್ದರೆ ಅದು ಮುಂದಿನ ತಲೆಮಾರಿಗೂ ಉಳಿಯುತ್ತದೆ. ಒಂದೇ ನೆರೆಯಿದ್ದರೆ, ಇಲ್ಲವೇ ಒಂದೂ ಇರದಿದ್ದರೆ, ಒಂಟಿತನದಿಂದ ಅಳಿಯುತ್ತದೆ. ನಾಲ್ಕು ಅಥವಾ ಹೆಚ್ಚಾದರೆ ಇಕ್ಕಟ್ಟಿನಿಂದ ಅಳಿಯುತ್ತದೆ. ಬರಿದಾದ ಮನೆಗೆ ಸರಿಯಾಗಿ ಮೂರು ಜೀವಂತ ನೆರೆಗಳಿದ್ದರೆ ಅಲ್ಲಿ ಹೊಸ ಬೀಜ ಹುಟ್ಟುತ್ತದೆ. ಇಷ್ಟೇ. ಆಡುವವರು ಮೊದಲ ಬೀಜಗಳನ್ನು ಇಟ್ಟು ಕೈಕಟ್ಟಿ ಕುಳಿತರೆ ಸಾಕು, ಉಳಿದುದನ್ನೆಲ್ಲ ನಿಯಮವೇ ನಡೆಸುತ್ತದೆ.

ಇದನ್ನು ರೂಪಿಸಿದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಗಣಿತಜ್ಞ ಜಾನ್ ಹಾರ್ಟನ್ ಕಾನ್ವೇ. 1970ರ ಅಕ್ಟೋಬರ್ ತಿಂಗಳ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಇದನ್ನು ‘ಲೈಫ್’ ಎಂಬ ಹೆಸರಿನಿಂದ ಪರಿಚಯಿಸಿದರು. ಇಂಥ ಮನೆಗಳ ಜಾಲವನ್ನು ಸೆಲ್ಯುಲರ್ ಆಟೊಮೇಟಾ ಎನ್ನುತ್ತಾರೆ. ನಾವು ಕೋಶಯಂತ್ರ ಎಂದು ಕರೆಯೋಣ. ಈ ಕಲ್ಪನೆ ಕಾನ್ವೇಯವರಿಗಿಂತ ಹಳೆಯದು. ಜಾನ್ ವಾನ್ ನಾಯ್ಮನ್ ಎಂಬ ಮಹಾಗಣಿತಜ್ಞರು, ಸ್ಟಾನಿಸ್ಲಾ ಉಲಾಂ ಅವರ ಸಲಹೆಯಂತೆ, ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳಬಲ್ಲ ಯಂತ್ರವನ್ನು ಇಂಥ ಮನೆಗಳಲ್ಲಿ ಕಟ್ಟಿ ತೋರಿಸಿದ್ದರು. ಆದರೆ ಅವರ ಒಂದೊಂದು ಮನೆಗೂ 29 ಸ್ಥಿತಿಗಳಿದ್ದವು. ಕಾನ್ವೇಯವರ ಮನೆಗೆ ಇರುವುದು ಎರಡೇ ಸ್ಥಿತಿ. ಅದಕ್ಕಾಗಿಯೇ ಅದು ಪಡಸಾಲೆಯವರೆಗೂ ಬರಲು ಸಾಧ್ಯವಾಯಿತು. ಕಾನ್ವೇಯವರೂ ಮೊದಲು ಇದನ್ನು ಆಡಿದ್ದು ಗಣಕಯಂತ್ರದಲ್ಲಿ ಅಲ್ಲ. ಚಹದ ವಿರಾಮದಲ್ಲಿ, ನೆಲದ ಮೇಲೆ, ‘ಗೋ’ ಆಟದ ಕಾಯಿಗಳನ್ನಿಟ್ಟುಕೊಂಡು.

ನಾವು ಮೊದಲ ದಿನವೇ ತಪ್ಪು ಮಾಡಿದೆವು. ಅಳಿಯಬೇಕಾದ ಬೀಜವನ್ನು ಕಂಡೊಡನೆ ತೆಗೆದುಬಿಡುತ್ತಿದ್ದೆವು. ಆಗ ಅದರ ನೆರೆಮನೆಯ ಲೆಕ್ಕ ಕೆಡುತ್ತದೆ. ಎಲ್ಲ ಮನೆಗಳೂ ಒಂದೇ ಗಳಿಗೆಯಲ್ಲಿ ಬದಲಾಗಬೇಕು. ಮಾಸ್ತರರು ಉಪಾಯ ಹೇಳಿಕೊಟ್ಟರು: ಅಳಿಯಲಿರುವ ಬೀಜದ ಮೇಲೆ ಒಂದು ಹರಳು ಇಡಿ, ಹುಟ್ಟಲಿರುವ ಮನೆಯಲ್ಲಿ ಒಂದು ಜೋಳದ ಕಾಳು ಇಡಿ, ಎಲ್ಲವನ್ನೂ ಎಣಿಸಿ ಮುಗಿದ ಮೇಲೆ ಒಮ್ಮೆಗೇ ತೆಗೆಯಿರಿ, ಒಮ್ಮೆಗೇ ತುಂಬಿರಿ. ಮಕ್ಕಳೇ, ನೀವು ಆಡುವಾಗ ಇದನ್ನು ಮರೆಯಬೇಡಿ.

ಮೂರು ಬೀಜಗಳನ್ನು ಅಡ್ಡಸಾಲಾಗಿ ಇಡಿ. ನಡುವಿನದಕ್ಕೆ ಎರಡು ನೆರೆ, ಅದು ಉಳಿಯುತ್ತದೆ. ಎರಡು ತುದಿಗಳಿಗೂ ಒಂದೊಂದೇ ನೆರೆ, ಅವು ಅಳಿಯುತ್ತವೆ. ನಡುವಿನ ಬೀಜದ ಮೇಲಿನ ಮನೆಗೂ ಕೆಳಗಿನ ಮನೆಗೂ ಸರಿಯಾಗಿ ಮೂರು ಮೂರು ನೆರೆ; ಅಲ್ಲಿ ಹುಟ್ಟು. ಅಡ್ಡಸಾಲು ಉದ್ದಸಾಲಾಯಿತು. ಮುಂದಿನ ತಲೆಮಾರಿಗೆ ಮತ್ತೆ ಅಡ್ಡ, ಅದರಾಚೆಗೆ ಮತ್ತೆ ಉದ್ದ. ಹೀಗೆ ಒಂದು ನಿಗದಿತ ಅವಧಿಗೆ ತನ್ನ ಮೊದಲ ರೂಪಕ್ಕೆ ಮರಳುವ ಆಕೃತಿಯನ್ನು ಆಂದೋಲಕ ಎನ್ನುತ್ತಾರೆ. ಇದರ ಅವಧಿ 2. ಪಲ್ಸಾರ್ ಎಂಬ ದೊಡ್ಡ, ಸುಂದರ ಆಂದೋಲಕದ ಅವಧಿ 3; ಅದರಲ್ಲಿ ಬೀಜಗಳು 48, 56, 72 ಎಂದು ಏರಿ ಮತ್ತೆ 48ಕ್ಕೆ ಇಳಿಯುತ್ತವೆ. ಮೂರು ಅಡ್ಡ, ಮೂರು ಉದ್ದದ ಎರಡು ತುಂಬಿದ ಚೌಕಗಳನ್ನು ಮೂಲೆಗೆ ಮೂಲೆ ತಗಲುವಂತೆ ಇಟ್ಟರೆ ಎಂಟನೆಯ ತಲೆಮಾರಿಗೆ ಅವು ಹಾಗೆಯೇ ಮರಳಿ ಕಾಣುತ್ತವೆ. ಇದನ್ನು 1970ರಲ್ಲಿ ಕಂಡುಕೊಂಡವರು ಸೈಮನ್ ನಾರ್ಟನ್.

ಸಾಲಿನ ಉದ್ದವನ್ನು ಒಂದೊಂದೇ ಬೀಜದಷ್ಟು ಹೆಚ್ಚಿಸಿದರೆ ಏನಾಗುತ್ತದೆ ಎಂದು ಮಾಸ್ತರರು ಕೇಳಿದರು. ಎಲ್ಲರೂ ಏನೋ ಒಂದು ಕ್ರಮವನ್ನು ನಿರೀಕ್ಷಿಸಿದೆವು. ನಾಲ್ಕರ ಸಾಲು ಎರಡೇ ಹೆಜ್ಜೆಯಲ್ಲಿ ಜೇನುಗೂಡಿನ ಆಕಾರ ತಾಳಿ ಅಲುಗದೆ ನಿಂತಿತು. ಐದರ ಸಾಲು ನಾಲ್ಕು ಪುಟ್ಟ ಆಂದೋಲಕಗಳಾಗಿ ಒಡೆಯಿತು. ಆರರ ಸಾಲು ಸ್ವಲ್ಪ ಕಾಲ ಹರಡಿ, ಆಡಿ, ಕೊನೆಗೆ ಒಂದು ಬೀಜವನ್ನೂ ಉಳಿಸದೆ ಅಳಿದುಹೋಯಿತು. ಆರಕ್ಕೆ ಯಾಕೆ ಹೀಗೆ ಎಂದು ಕೇಳಿದರೆ, ಎಣಿಸಿ ನೋಡುವುದರ ಹೊರತು ಬೇರೆ ಉತ್ತರವಿಲ್ಲ. ಈ ಆಟದ ಸ್ವಾರಸ್ಯ ಇರುವುದು ಅಲ್ಲಿಯೇ: ನಿಯಮವನ್ನು ಬಾಯಿಪಾಠ ಮಾಡಿದವನಿಗೂ ಫಲ ಮೊದಲೇ ತಿಳಿದಿರುವುದಿಲ್ಲ.

ಇನ್ನು ಕಿಡಿಯ ವಿಷಯ. ಒಂಟಿ ಬೀಜವೊಂದನ್ನು ಇಡಿ. ಮುಂದಿನ ತಲೆಮಾರಿಗೆ ಇಲ್ಲ. ಅಕ್ಕಪಕ್ಕದಲ್ಲಿ ಎರಡು ಬೀಜಗಳ ಜೋಡಿಯನ್ನು ಇಡಿ. ಒಂದೊಂದಕ್ಕೂ ಒಂದೇ ನೆರೆ, ಎರಡೂ ಅಳಿಯುತ್ತವೆ. ಹೊಸದಾಗಿ ಹುಟ್ಟಲು ಮೂರು ಬೇಕು, ಇರುವುದು ಎರಡೇ. ಹೀಗೆ ತಾನೇ ತಾನಾಗಿ ಅಳಿದುಹೋಗುವ ಅಲ್ಪಾಯುವಿನ ತುಣುಕಿಗೆ ಈ ಶಾಸ್ತ್ರದಲ್ಲಿ ಕಿಡಿ ಎಂದು ಹೆಸರು. ಕೆಲವು ಆಂದೋಲಕಗಳು ತಮ್ಮ ಆವರ್ತದ ಒಂದು ಹಂತದಲ್ಲಿ ಇಂಥ ಒಂದು ತುಣುಕನ್ನು ಹೊರಕ್ಕೆ ಚಿಮ್ಮಿಸುತ್ತವೆ. ಅದು ಸಾಯುತ್ತದೆ. ಆಂದೋಲಕ ಏನೂ ಆಗದಂತೆ ಮೊದಲ ರೂಪಕ್ಕೆ ಮರಳಿ, ಮುಂದಿನ ಸುತ್ತಿನಲ್ಲಿ ಮತ್ತೊಂದನ್ನು ಚಿಮ್ಮಿಸುತ್ತದೆ.

ಸಾಯಲೆಂದೇ ಹುಟ್ಟುವ ಈ ತುಣುಕಿನಿಂದ ಏನು ಪ್ರಯೋಜನ? ಜೋಡಿ ಬೀಜವನ್ನು ಮತ್ತೆ ಇಡಿ. ಈಗ ಎಡ ಬೀಜದ ನೇರ ಮೇಲಿನ ಮನೆಯಲ್ಲಿ ಒಂಟಿ ಬೀಜವೊಂದನ್ನು ಇಡಿ. ಜೋಡಿಯೂ ಸಾಯುವಂಥದ್ದು, ಒಂಟಿಯೂ ಸಾಯುವಂಥದ್ದು. ಆದರೆ ಈಗ ಮೂರಕ್ಕೂ ಎರಡೆರಡು ನೆರೆಗಳಾದವು, ಮೂರೂ ಉಳಿದವು. ನಾಲ್ಕನೆಯ ಮೂಲೆಯ ಬರಿದಾದ ಮನೆಗೆ ಮೂರು ನೆರೆಗಳಾಗಿ ಅಲ್ಲಿಯೂ ಬೀಜ ಹುಟ್ಟಿತು. ನಾಲ್ಕು ಬೀಜಗಳ ಗಟ್ಟಿ ಚೌಕ ನಿಂತಿತು. ಬೇರೇನೂ ಬಂದು ತಗಲದಿದ್ದರೆ ಅದಕ್ಕೆ ಅಳಿವಿಲ್ಲ.

ಅದೇ ಒಂಟಿ ಬೀಜವನ್ನು ಬಲ ಬೀಜದ ಮೇಲಿನ ಮನೆಯಿಂದ ಒಂದು ಮನೆ ಆಚೆ, ಮೂಲೆಗೆ ಮಾತ್ರ ತಗಲುವಂತೆ ಇಟ್ಟು ನೋಡಿ. ಮುಂದಿನ ತಲೆಮಾರಿಗೆ ಎರಡು ಬೀಜಗಳ ಉದ್ದ ಜೋಡಿಯೊಂದು ಉಳಿಯುತ್ತದೆ. ಅದರ ಮುಂದಿನ ತಲೆಮಾರಿಗೆ ಅದೂ ಇಲ್ಲ. ಒಂದು ಮನೆಯಷ್ಟು ದೂರ ತಪ್ಪಿದ್ದಕ್ಕೆ ಒಂದು ತಲೆಮಾರಿನ ಆಯುಸ್ಸು ಮಾತ್ರ ಸಿಕ್ಕಿತು. ಜಾಗ ಸರಿಯಿದ್ದು ಗಳಿಗೆ ತಪ್ಪಿದರೂ ಹಾಗೆಯೇ: ಒಂದು ತಲೆಮಾರು ತಡವಾಗಿ ಬಂದ ಕಿಡಿಗೆ ಅಲ್ಲಿ ಜೊತೆಗೆ ಯಾರೂ ಇರುವುದಿಲ್ಲ.

ಈ ಕಿಡಿಗಳನ್ನು ಚಿಮ್ಮಿಸುವ ಆಂದೋಲಕಗಳನ್ನು ಹುಡುಕುವುದೇ ಜಗತ್ತಿನ ಹಲವರಿಗೆ ಐವತ್ತು ವರ್ಷಗಳ ಹವ್ಯಾಸವಾಯಿತು. 1976ರಲ್ಲಿ ಡೇವಿಡ್ ಬಕಿಂಗ್‌ಹ್ಯಾಂ ಕಂಡುಹಿಡಿದ, 6ರ ಅವಧಿಯ ಕಿಡಿಗಾರನೊಂದಕ್ಕೆ ಯುನಿಕ್ಸ್ ಎಂದು ಹೆಸರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಗಣಿತ ವಿಭಾಗದ ಯುನಿಕ್ಸ್ ಪ್ರಯೋಗಾಲಯ ಕೆಲವು ಕಾಲ ಅದನ್ನೇ ತನ್ನ ಲಾಂಛನವಾಗಿ ಇಟ್ಟುಕೊಂಡಿತ್ತು. 1989ರಲ್ಲಿ ಡೀನ್ ಹಿಕರ್ಸನ್ ಕಂಡುಹಿಡಿದ 5ರ ಅವಧಿಯ ಆಂದೋಲಕ ಜೋಡಿ ಬೀಜದ ಕಿಡಿಯನ್ನು ಉಗುಳುತ್ತದೆ. ಅದರ ಇಂಗ್ಲಿಷ್ ಹೆಸರಿನ ಅರ್ಥ ನೆಲದೊಳಗಿನಿಂದ ಬಿಸಿ ಹೊಗೆ ಹೊಮ್ಮುವ ಬಿರುಕು ಎಂದು. ನಾವು ಹೊಗೆಬಾಯಿ ಎನ್ನಬಹುದು. ಆ ಬಳಗದ ಇನ್ನೂ ಕೆಲವಕ್ಕೆ ಜ್ವಾಲಾಮುಖಿ ಎಂದೇ ಹೆಸರಿದೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಹಡಗುಗಳ ಕಥೆ. ಆಂದೋಲಿಸುತ್ತಲೇ ಮುಂದೆ ಸಾಗುವ ಆಕೃತಿಗಳೂ ಇವೆ. ಐದು ಬೀಜಗಳ ಗ್ಲೈಡರ್ ನಾಲ್ಕು ತಲೆಮಾರಿಗೊಮ್ಮೆ ಮೂಲೆಯ ದಿಕ್ಕಿಗೆ ಒಂದು ಮನೆ ಸರಿಯುತ್ತದೆ. ಅದಕ್ಕಿಂತ ದೊಡ್ಡವಾದ, ನೇರವಾಗಿ ಸಾಗುವ ಮೂರು ಹಡಗುಗಳನ್ನು ಕಾನ್ವೇ 1970ರಲ್ಲಿಯೇ ಕಂಡಿದ್ದರು: ಹಗುರದ್ದು, ನಡುವಿನದು, ಭಾರದ್ದು. ನಡುವಿನ ಹಡಗು ಸಾಗುವಾಗ ತನ್ನ ಮಗ್ಗುಲಲ್ಲಿ ಒಂದು ಬೀಜದ ಕಿಡಿಯನ್ನು ಬಿಡುತ್ತದೆ. ಭಾರದ ಹಡಗು ಎರಡು ಬೀಜಗಳದನ್ನು. ಒಂದಾದರೂ ಸಾಯುತ್ತದೆ, ಎರಡಾದರೂ ಸಾಯುತ್ತದೆ. ಹಡಗು ನಿರಾತಂಕವಾಗಿ ಮುಂದೆ ಹೋಗುತ್ತದೆ. ಇನ್ನೂ ಒಂದು ಮನೆ ಉದ್ದದ ಹಡಗನ್ನು ಕಟ್ಟಿದರೆ ಕಿಡಿ ಮೂರು ಬೀಜಗಳದಾಗುತ್ತದೆ. ಸಾಲಾಗಿ ಮೂರು ಬೀಜಗಳು ಸಾಯುವುದಿಲ್ಲ ಎಂಬುದನ್ನು ಆಗಲೇ ನೋಡಿದೆವಲ್ಲ! ಸಾಯಬೇಕಾದ ಕಿಡಿ ಉಳಿದುಕೊಂಡು ಹಡಗನ್ನೇ ಕೆಡಿಸುತ್ತದೆ. ಅತಿಭಾರದ ಈ ಹಡಗು ಒಂಟಿಯಾಗಿ ಸಾಗಲಾರದು. ಆದರೆ ಎರಡು ಬದಿಗಳಲ್ಲಿ ಚಿಕ್ಕ ಹಡಗುಗಳನ್ನು ಬೆಂಗಾವಲಿಗೆ ಇಟ್ಟರೆ, ಅವುಗಳ ಕಿಡಿಗಳು ಬಂದು ದೊಡ್ಡದರ ಕಿಡಿಯನ್ನು ಅಡಗಿಸುತ್ತವೆ. ಎಲ್ಲವೂ ಒಟ್ಟಾಗಿ ಸಾಗುತ್ತವೆ. ಚಿಕ್ಕವು ತಮ್ಮಷ್ಟಕ್ಕೆ ಹೋಗಬಲ್ಲವು, ದೊಡ್ಡದಕ್ಕೆ ಮಾತ್ರ ಜೊತೆ ಬೇಕು.

ಇಲ್ಲಿ ನಮ್ಮೊಳಗಿನ ಗದ್ವಾಲದವರು ಒಂದು ಮಾತು ಸೇರಿಸಬೇಕೆಂದು ಹಟ ಹಿಡಿದಿದ್ದಾರೆ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಒಡಲಿಗೆ ಒಂದು ಲಾಳಿ, ಎರಡು ಅಂಚುಗಳಿಗೆ ಒಂದೊಂದು ಲಾಳಿ. ಒಡಲಿನ ಲಾಳಿ ತನ್ನ ಸೀಮೆಯ ತುದಿಗೆ ಬಂದು, ಅಂಚಿನ ಹೊಕ್ಕಿಗೆ ತನ್ನ ಹೊಕ್ಕನ್ನು ಕೊಂಡಿಯಂತೆ ಸಿಕ್ಕಿಸಿ, ಮತ್ತೆ ತನ್ನ ಸೀಮೆಗೆ ಮರಳುತ್ತದೆ. ಅಂಚಿನ ಲಾಳಿಯೂ ಹಾಗೆಯೇ. ಸೀರೆ ಎರಡಾಗಿ ಬಿಡದಿರುವುದು ಆ ಒಂದು ಸ್ಪರ್ಶದಿಂದ. ಕಿಡಿ ಎಂದರೆ ಇದೇ ಎನ್ನುವುದು ಅವರ ವಾದ. ಮಗ್ಗದ ಮನೆಯವರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ಮುಂದಿನ ಹೊಕ್ಕಿಗೆ ಅದರ ತಿರುವುಮುರುವು ಎನ್ನುವ ಸಾದಾ ನೇಯ್ಗೆಯನ್ನು 2ರ ಅವಧಿಯ ಆಂದೋಲಕ ಎಂದು ಕರೆಯಲು ಅವರ ಅಡ್ಡಿಯಿಲ್ಲ. ಆದರೆ ನಾರಾಯಣಪೇಟೆಯ ಸೀರೆಯ ಅಂಚಿನಲ್ಲಿ ಗೋಪುರ ಏಳುವುದು ನೇಕಾರನ ಲಕ್ಷ್ಯದಿಂದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತು. ಕೋಶಯಂತ್ರದಲ್ಲಿ ನೇಕಾರನೇ ಇಲ್ಲ. ಈ ಜಗಳ ನಮ್ಮಲ್ಲಿ ಹಳೆಯದು, ಇಂದು ತೀರುವುದಿಲ್ಲ.

ಮತ್ತೆ ಹತ್ತರ ಸಾಲಿಗೆ ಬರೋಣ. ಹತ್ತು ಬೀಜಗಳ ಸಾಲು ಕೆಲವೇ ತಲೆಮಾರುಗಳಲ್ಲಿ 15ರ ಅವಧಿಯ ಆಂದೋಲಕವಾಗುತ್ತದೆ. ಇದಕ್ಕೆ ಪೆಂಟಾಡೆಕಥ್ಲಾನ್ ಎಂದು ಹೆಸರು. ಓಡಿಬಂದ ಗ್ಲೈಡರ್ ಸರಿಯಾದ ಗಳಿಗೆಯಲ್ಲಿ ಇದಕ್ಕೆ ತಗಲಿದರೆ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ತಿರುಗಿಸಿದ ಆಂದೋಲಕಕ್ಕೆ ಏನೂ ಆಗುವುದಿಲ್ಲ. ಹಾಗಾದರೆ ಇಂಥ ಎರಡನ್ನು ಎದುರುಬದುರಾಗಿ ನಿಲ್ಲಿಸಿ ನಡುವೆ ಗ್ಲೈಡರನ್ನು ಬಿಟ್ಟರೆ? ಅದು ಲಾಳಿಯಂತೆ ಅತ್ತಿತ್ತ ಓಡಾಡುತ್ತಲೇ ಇರುತ್ತದೆ. ಒಟ್ಟು ಆಕೃತಿಯ ಅವಧಿ 60. ಎರಡನ್ನೂ ದೂರ ಸರಿಸಿದರೆ 180, ಇನ್ನೂ ದೂರಕ್ಕೆ 300, ಹೀಗೆ ಎಷ್ಟು ದೊಡ್ಡದು ಬೇಕಾದರೂ. ಆಂದೋಲನದ ಅವಧಿಗೆ ಮೇಲ್ಮಿತಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಧನೆ ಇನ್ನೊಂದಿರಲಾರದು. 1970ರ ನವೆಂಬರ್‌ನಲ್ಲಿ ಬಿಲ್ ಗಾಸ್ಪರ್ ಮತ್ತು ಸಂಗಡಿಗರು ‘ರಾಣಿಜೇನು’ ಎಂಬ ಆಕೃತಿಗಳೆರಡನ್ನು ಎದುರುಬದುರಾಗಿ ಇಟ್ಟು, 30 ತಲೆಮಾರಿಗೊಂದು ಗ್ಲೈಡರನ್ನು ಹಾರಿಸುವ ಬಂದೂಕವನ್ನೇ ಕಟ್ಟಿ, ಕಾನ್ವೇ ಘೋಷಿಸಿದ್ದ 50 ಡಾಲರ್ ಬಹುಮಾನ ಪಡೆದರು. ಎಂದೆಂದಿಗೂ ಬೆಳೆಯುತ್ತ ಹೋಗುವ ಆಕೃತಿ ಇರಲಾರದು ಎಂದು ಕಾನ್ವೇ ಊಹಿಸಿದ್ದರು. ಊಹೆ ಸುಳ್ಳಾಯಿತು.

ದೊಡ್ಡ ಅವಧಿಗಳು ಸುಲಭ, ಸಣ್ಣವು ಕಷ್ಟ ಎಂಬುದು ವಿಚಿತ್ರವೆನಿಸಬಹುದು. ದಾರಿ ಉದ್ದವಿದ್ದರೆ ತಿರುಗಲು ವೇಳೆ ಇರುತ್ತದೆ. ಅವಧಿ ಚಿಕ್ಕದಾದಷ್ಟೂ ಎಲ್ಲವೂ ಇಕ್ಕಟ್ಟಿನಲ್ಲಿ, ಅವಸರದಲ್ಲಿ ನಡೆಯಬೇಕು. 61 ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲ ಅವಧಿಗಳೂ ಸಾಧ್ಯವೆಂದು 1996ರಲ್ಲಿ ಬಕಿಂಗ್‌ಹ್ಯಾಂ ತೋರಿಸಿದರು. 2013ರಲ್ಲಿ ಮೈಕ್ ಪ್ಲೇಲ್ ಅವರ ಶೋಧದಿಂದ ಆ ಗೆರೆ 43ಕ್ಕೆ ಇಳಿಯಿತು. ಉಳಿದವನ್ನು ಒಂದೊಂದಾಗಿ ಹುಡುಕುತ್ತ, 2023ರಲ್ಲಿ ಕೊನೆಯ ಎರಡು ಅವಧಿಗಳಾದ 19 ಮತ್ತು 41 ಸಿಕ್ಕವು. ಯಾವ ಪೂರ್ಣಾಂಕವನ್ನು ಹೇಳಿದರೂ ಆ ಅವಧಿಯ ಆಂದೋಲಕ ಉಂಟು ಎಂದು ಏಳು ಜನ ಸೇರಿ ಪ್ರಬಂಧ ಬರೆದರು. ಕಾನ್ವೇ ಅದನ್ನು ನೋಡಲಿಲ್ಲ. 2020ರ ಏಪ್ರಿಲ್ 11ರಂದು ಕೋವಿಡ್‌ನಿಂದ ತೀರಿಕೊಂಡಿದ್ದರು.

ನಮ್ಮ ಹತ್ತರ ಸಾಲು ಅಂದು ಕೆಟ್ಟುಹೋಯಿತು. ಅದನ್ನು ಹೇಳದೆ ಈ ಉಪನ್ಯಾಸ ಮುಗಿಸುವಂತಿಲ್ಲ. ಮಧ್ಯಾಹ್ನವೆಲ್ಲ ಎಣಿಸಿದೆವು. ಆಕೃತಿ ಉದ್ದಕ್ಕೆ ಹಬ್ಬಿ ನಮ್ಮ ಹನ್ನೆರಡು ಮನೆಗಳ ಅಂಚನ್ನು ಮುಟ್ಟಿತು; ಅಲ್ಲಿಂದ ಎಲ್ಲವೂ ಅಸ್ತವ್ಯಸ್ತ. ನಾವು ಎಣಿಕೆ ತಪ್ಪಿತೆಂದು ಒಬ್ಬರನ್ನೊಬ್ಬರು ದೂರಿಕೊಂಡೆವು. ಮಾಸ್ತರರು ಹೇಳಿದರು: ಎಣಿಕೆ ಸರಿಯಾಗಿದೆ, ಹಲಗೆ ಚಿಕ್ಕದಾಗಿದೆ. ಒಳಗಿನ ಮನೆಗೆ ಎಂಟು ನೆರೆ. ಅಂಚಿನ ಮನೆಗೆ ಐದೇ. ಮೂಲೆಯ ಮನೆಗೆ ಮೂರೇ. ಕಾನ್ವೇಯವರ ಹಲಗೆಗೆ ಅಂಚೇ ಇಲ್ಲ, ನಮ್ಮದಕ್ಕೆ ಇದೆ.

ಅಂಚಿನ ವಿಷಯ ಈ ಸಭೆಗೆ ಹೊಸದಲ್ಲ. ಗದ್ವಾಲ, ಆಲಂಪುರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು; ಬಳಿಕ ಗೆರೆ ಬೇರೆ ಕಡೆ ಬಿತ್ತು. ಈ ಶಾಲೆಯ ಒಂದು ತರಗತಿಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆಂಬುದು ಹಾಜರಿ ಪುಸ್ತಕ ಹಿಡಿದವರಿಗೆ ಗೊತ್ತು. ಇಬ್ಬರಿದ್ದ ತರಗತಿಗೆ ಮೂರನೆಯ ಮಗುವನ್ನು ತರಲು ಮನೆಮನೆಗೆ ಹೋಗಿ ಬಂದ ಅಧ್ಯಾಪಕರೂ ಇಲ್ಲಿಯೇ ಕುಳಿತಿದ್ದಾರೆ. ಗಣಿತವನ್ನು ಇದಕ್ಕಿಂತ ಹೆಚ್ಚು ಎಳೆಯಲು ನಾವು ಹೋಗುವುದಿಲ್ಲ. ಮನುಷ್ಯರು ಹುಣಸೆ ಬೀಜಗಳಲ್ಲ. ಆದರೆ ಒಂದನ್ನು ದಾಖಲಿಸಬೇಕು. ಮಾಸ್ತರರು ವರ್ಷ ವರ್ಷವೂ ಅದೇ ಪುಸ್ತಕ, ಅದೇ ಲೆಕ್ಕ, ಜೂನ್‌ನಿಂದ ಏಪ್ರಿಲ್‌ವರೆಗೆ ಅದೇ ಸುತ್ತನ್ನು ಸುತ್ತಿದರು. ಆ ಶನಿವಾರದ ಪಾಠಕ್ಕೆ ಪರೀಕ್ಷೆಯಲ್ಲಿ ಒಂದು ಅಂಕವೂ ಇರಲಿಲ್ಲ. ಮಳೆ ನೀರು ಪಡಸಾಲೆಗೆ ಬಂದು ಸೀಮೆಸುಣ್ಣದ ಗೆರೆಗಳನ್ನು ಸಂಜೆಯೊಳಗೆ ಅಳಿಸಿತು. ಸೋಮವಾರ ಅವರು ಮತ್ತೆ ಬಡ್ಡಿ ಲೆಕ್ಕಕ್ಕೆ ಮರಳಿದರು. ಆ ದಿನ ಅಲ್ಲಿ ನಾವು ಮೂವರಿದ್ದೆವು. ಒಬ್ಬರು ಮುಂದೆ ಗಣಿತದ ಅಧ್ಯಾಪಕರಾದೆವು, ಒಬ್ಬರು ಗಣಕಯಂತ್ರದ ಕೆಲಸಕ್ಕೆ ಹೋದೆವು, ಒಬ್ಬರು ಮಗ್ಗ ಬಿಡಲಿಲ್ಲ. ಕಾಲೇಜಿಗೆ ಹೋದ ಮೇಲೆ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬೇಕಾದಷ್ಟು ಕಲಿತೆವು; ಆದರೆ ಇಂದಿಗೂ ಈ ಆಟವನ್ನು ಯೋಚಿಸುವಾಗ ಮನೆ, ನೆರೆ, ತಲೆಮಾರು ಎಂಬ ಅವರ ಮಾತುಗಳೇ ಮೊದಲು ಬರುತ್ತವೆ. ಮಾಸ್ತರರು ಈಗಿಲ್ಲ. ಅವರ ಆ ಹಾಳೆಯೂ ಸಿಗಲಿಲ್ಲ, ಹುಡುಕಿದೆವು.

ಮಕ್ಕಳೇ, ಸಭೆ ಮುಗಿದ ಮೇಲೆ ಪಡಸಾಲೆಗೆ ಬನ್ನಿ. ಹುಣಸೆ ಬೀಜ, ಹರಳು, ಜೋಳದ ಕಾಳು ಮೂರನ್ನೂ ತಂದಿದ್ದೇವೆ. ಹತ್ತರ ಸಾಲಿಗೆ ಉದ್ದಕ್ಕೆ ಹದಿನಾರು ಮನೆ, ಅಗಲಕ್ಕೆ ಒಂಬತ್ತು ಮನೆ ಬೇಕಾಗುತ್ತದೆಂದು ಈಗ ನಮಗೆ ಗೊತ್ತಿದೆ. ಈ ಬಾರಿ ಎರಡು ಕಡೆಗೂ ಇಪ್ಪತ್ತು ಇಪ್ಪತ್ತು ಬರೆದಿದ್ದೇವೆ. ಎಣಿಸಲು ಪ್ರತಿ ಸಾಲಿಗೆ ಒಬ್ಬರಾದರೂ ಬೇಕು.